ಕಾಗದದ ಮುಡಿ

ಮೆಟ್ಟಿಲ ಮೇಲೆ ಚಪ್ಪಲಿಯ ಸಪ್ಪಳ ಕೇಳಿದ್ದೇ ತಡ, ವಿಗ್ ಹೆಣೆಯುವ ಕೇದಾರ, ಮರದ ತಲೆಯಚ್ಚಿನ ಮೇಲಿದ್ದ ವಿಗ್ಗಿಗೆ ಟವೆಲ್ ಹೊದಿಸಿದ. ಬಂದವಳು ಕಾಗದದಲ್ಲಿ ಶಿಲ್ಪ ಮಾಡುವ ಮಾನಸಾ. ಕೈಯಲ್ಲಿ ರಟ್ಟಿನ ಡಬ್ಬಿ. ಸಾಕ್ಷಿ ಸಮೇತ ಬಂದಿದ್ದಾಳೆ ಎಂದುಕೊಂಡವನು ಟವೆಲನ್ನು ಇನ್ನಷ್ಟು ಕೆಳಗೆಳೆದ.

ಕದ್ದವನು ಇನ್ನೇನು ಮಾಡಿಯಾನು? ಕೋಠಿ ಪೇಟೆಯ ಈ ಮಹಡಿಯಂಗಡಿಯಲ್ಲಿ ಅರ್ಧ ಆಯುಷ್ಯ ಕೂದಲು ಹೆಣೆದು ಹೆಣೆದು ಕೇದಾರನಿಗೆ ಸಾಕುಸಾಕಾಗಿತ್ತು. ಕಣ್ಣುರಿ, ಸೊಂಟ ನೋವು. ಅದು ಹಾಳಾಗಲಿ, ತಲೆಯೇ ಬರಿದಾಗಿತ್ತು. ಎಷ್ಟೋ ವರ್ಷಗಳಿಂದ ಹೊಸದೊಂದು ಹೊಳೆದಿರಲಿಲ್ಲ. ಅಂಗಡಿ ಮುಚ್ಚಿಬಿಡುವುದೆಂದು ನಿರ್ಧರಿಸಿದ್ದ.

ಆಗಲೇ ಹೆಂಡತಿ ನಲಿನಿ ಅವನನ್ನು ತಾರ್ನಾಕ ಬಡಾವಣೆಯಲ್ಲಿದ್ದ ಮಾನಸಾಳ ಪ್ರದರ್ಶನಕ್ಕೆ ಎಳೆದುಕೊಂಡು ಹೋದದ್ದು. ಅಲ್ಲೊಂದು ಹೆಣ್ಣಿನ ತಲೆಯಿತ್ತು. ಬರೀ ಬಿಳಿ ಕಾಗದ. ಕತ್ತರಿಯ ಅಂಚಿನಿಂದ ಎಳೆದು ಸುರುಳಿ ಮಾಡಿದ ಪಟ್ಟಿಗಳು ಹಣೆಯಿಂದ ಅಲೆಯಲೆಯಾಗಿ ಹಿಂದೆ ಸರಿದು, ಎಡಗಿವಿಯ ಬಳಿ ಒಮ್ಮೆಲೇ ಒಳಕ್ಕೆ ತಿರುಗಿದ್ದವು. ಅಯ್ಯೋ, ಇದು ನನಗೇಕೆ ಹೊಳೆಯಲಿಲ್ಲ! ಹೊಟ್ಟೆ ಉರಿಯಿತು.

ಮಾರನೆಯ ದಿನವೇ ಅದೇ ಮುಡಿಯನ್ನು ಕೂದಲಿನಲ್ಲಿ ಹೆಣೆಯಲು ಕೂತ. ಅಳತೆ ಬೇಕಾಗಲಿಲ್ಲ, ಬಿಚ್ಚಿ ಮತ್ತೆ ಕಟ್ಟುವುದೂ ಬೇಕಾಗಲಿಲ್ಲ. ಕೈ ತಾನಾಗಿ ನಡೆಯಿತು. ಕೊನೆಗೆ, ಎಂದಿನಂತೆ, ದೃಷ್ಟಿ ತಾಗದಿರಲಿ ಎಂದು ಒಳಗಿನ ಜಾಲರಿಗೆ ಕೆಂಪು ದಾರದ ಗಂಟೊಂದನ್ನು ಹಾಕಿದ. ಈ ಹುಚ್ಚು ಅವನದೊಬ್ಬನದೇ, ಕಸುಬಿನವರೆಲ್ಲ ನಗುತ್ತಿದ್ದರು.

ಆ ವಿಗ್ಗಿನ ಫೋಟೋ, ಮದುಮಗಳನ್ನು ಸಿಂಗರಿಸುವವರ ಮೊಬೈಲುಗಳಲ್ಲೆಲ್ಲ ಓಡಾಡಿತು. ಜನ ಹೊಗಳಿದಷ್ಟೂ ಕೇದಾರ ಕುಗ್ಗಿದ.

"ಫೋಟೋ ನೋಡಿದೆರಿ," ಎಂದಳು ಮಾನಸಾ. "ಕಣ್ಣಾರೆ ಒಮ್ಮೆ ನೋಡಬೇಕಂತ ಬಂದೆ."

ಮುಚ್ಚಿಟ್ಟು ಏನು ಬಂತು? ಕೇದಾರ ಟವೆಲ್ ತೆಗೆದ. ಅವಳು ಎಡಗಿವಿಯ ಬಳಿಯ ಆ ತಿರುವನ್ನು ಮುಟ್ಟಿದಳು. ಅವಳ ಕಣ್ಣು ತುಂಬಿ ಬಂತು.

"ತಪ್ಪಾತು ತಂಗಿ. ನಿನ್ನ ಕಾಗದದ ತಲಿ ನೋಡೇ ಮಾಡೀನಿ. ನನ್ನ ಕಡೆ ನಂದಂತ ಏನೂ ಉಳಿದಿಲ್ಲ. ನಾಳಿಂದ ಅಂಗಡಿ ಬಂದ್."

"ಕಾಕಾ, ನಾನೂ ನೋಡೇ ಮಾಡಿದ್ದರಿ."

ಅವಳು ಡಬ್ಬಿ ತೆರೆದಳು. ಒಳಗೆ ಕಾಗದವಿರಲಿಲ್ಲ. ಹಳೆಯದೊಂದು ವಿಗ್ ಇತ್ತು, ಸುರುಳಿಗಳು ಸಡಿಲಾಗಿದ್ದವು.

"ನಮ್ಮವ್ವಂದು. ಜಡ್ಡಾಗಿ ಕೂದಲೆಲ್ಲ ಉದುರಿದಾಗ ಮಾಮಾ ಎಲ್ಲಿಂದೋ ತಂದುಕೊಟ್ಟಿದ್ರು. ಇದನ್ನ ಹಾಕ್ಕೊಂಡ ದಿನಾನೇ ಆಕಿ ಮತ್ತ ಕನ್ನಡಿ ನೋಡಿಕೊಂಡ್ಲು. ಆಕಿ ಹೋದ ಮ್ಯಾಲ ಇದನ್ನ ಮುಂದಿಟ್ಟುಕೊಂಡು ಕಾಗದ ಕತ್ತರಿಸಿದೆ. ಮಾಡಿದವರನ್ನ ಭಾಳ ಹುಡುಕಾಕತ್ತೀನಿ, ಒಮ್ಮೆ ಅವರ ಕಾಲಿಗೆ ಬೀಳಬೇಕು. ನೀವು ಇದೇ ಕಸುಬಿನವರು. ಯಾರ ಕೈ ಇದು, ಗೊತ್ತಾಗ್ತೈತೇನ್ರಿ?"

ಕೇದಾರ ನಿಟ್ಟುಸಿರು ಬಿಟ್ಟು ಅದನ್ನು ಕೈಗೆತ್ತಿಕೊಂಡ. ಕಿಟಕಿಯ ಬೆಳಕಿಗೆ ಹಿಡಿದು ಮಗುಚಿದ.

ಒಳಗಿನ ಜಾಲರಿಯಲ್ಲಿ, ಬಣ್ಣ ಮಾಸಿದ ಕೆಂಪು ದಾರದ ಗಂಟು.