ಒಳಬದಿಯ ಬರಹ

ಗ್ರೀಸಿನ ಆ ಹಳೆಯ ಉತ್ಖನನದ ಮಣ್ಣಿನ ರಾಶಿಯನ್ನು ಈ ವರ್ಷ ಮತ್ತೊಮ್ಮೆ ಜರಡಿ ಹಿಡಿದಿದ್ದರು. ಸಿಕ್ಕಿದ ಸಣ್ಣಪುಟ್ಟ ವಸ್ತುಗಳನ್ನು ಕಣ್ಣು ಮಂಜಾದ ಮುದುಕ ಮುಟ್ಟಿ ನೋಡಿ ಏನೆಂದು ಹೇಳುತ್ತಿದ್ದ. ಮಗಳು ಪಟ್ಟಿಗೆ ಸೇರಿಸುತ್ತಿದ್ದಳು. ಮೂವತ್ತು ವರ್ಷದ ಹಿಂದೆ ಅಲ್ಲಿ ಅಗೆಸಿದವನು ಅವನೇ.

“ಮಗ್ಗದ ನೂಲಿಗೆ ಭಾರವಾಗಿ ಕಟ್ಟುವ ಗುಂಡು. ಸುಟ್ಟ ಮಣ್ಣಿನದು. ಅಂಚು ಮುಕ್ಕಾಗಿದೆ.”

“ಬರಹ?”

“ಇಲ್ಲ.”

ಅವಳು ಬರೆದುಕೊಂಡಳು. ತಾಯಿ ತೀರಿಕೊಂಡು ನಲವತ್ತು ದಿನವಾಗಿತ್ತು.

“ಈಗಲಾದರೂ ನಿಜ ಹೇಳಪ್ಪಾ. ಮದುವೆ ಉಂಗುರ ಯಾರಿಗೆ ಕೊಟ್ಟೆ?”

“ಯಾರಿಗೂ ಕೊಡಲಿಲ್ಲ ಕಣಮ್ಮಾ. ಇಲ್ಲೇ ಎಲ್ಲೋ ಬೆರಳಿಂದ ಜಾರಿಹೋಯ್ತು.”

“ಅಮ್ಮನಿಗೂ ಇದನ್ನೇ ಹೇಳಿದೆ. ಅವಳು ನಂಬಲಿಲ್ಲ, ಮನೆ ಬಿಟ್ಟಳು. ಆಗ ನಾನು ತೊಟ್ಟಿಲ ಕೂಸು. ಕೊನೇ ದಿನವೂ ನಿನ್ನನ್ನ ಒಳಗೆ ಬಿಡಬೇಡ ಅಂದ್ಲು. ನಾನು ಬಿಡಲಿಲ್ಲ.”

ಮುದುಕ ವಸ್ತುಗಳಿದ್ದ ತಟ್ಟೆಗೆ ಕೈ ಹಾಕಿದ.

“ಬಟ್ಟಲಿನ ಚೂರು. ಏನೋ ಗೀಚಿದ್ದಾರೆ, ಓದು.”

“ಯಾರದೋ ಹೆಸರು. ಅರ್ಧ ಮಾತ್ರ ಉಳಿದಿದೆ.”

“ಅಷ್ಟೇ ಬರೆ. ಮುಂದಿನದು ಬರೀ ಮಣ್ಣಿನ ಹೆಂಟೆ. ಅಲ್ಲ, ಒಳಗೇನೋ ಗಟ್ಟಿಯಾಗಿದೆ. ತೊಳೆದು ನೋಡು.”

ಅವಳು ಬೋಗುಣಿಯ ನೀರಿನಲ್ಲಿ ಅದನ್ನು ನೆನೆಸಿ, ಸಣ್ಣ ಬ್ರಷ್ಷಿನಿಂದ ತಿಕ್ಕಿದಳು. ಆಮೇಲೆ ಬ್ರಷ್ಷಿನ ಸದ್ದು ನಿಂತುಹೋಯಿತು.

“ಲೋಹವೇ?” ಎಂದು ಅವನು ಕೇಳಿದ.

“ಹೂಂ.”

“ಬರಹ ಇದೆಯಾ?”

“ಒಳಬದಿಯಲ್ಲಿ ಇದೆ.”

“ಓದಮ್ಮಾ, ಸುಮ್ಮನೆ ಯಾಕೆ ನಿಂತೆ?”

“ಅಮ್ಮನ ಹೆಸರಪ್ಪಾ.”