ಎರಿ ಮಣ್ಣಿನ ಕಪ್ಪು

ಸ್ಕ್ಯಾನ್ ಫಿಲ್ಮನ್ನು ಕವರಿನಿಂದ ತೆಗೆಯುವಾಗಿನ ವಾಸನೆ ಬಂದರೆ ಈಗಲೂ ರೋಣದ ದವಾಖಾನೆಯ ಆ ಮಧ್ಯಾಹ್ನ ಕಣ್ಣೆದುರು ನಿಲ್ಲುತ್ತದೆ.

ಹೊಲದಲ್ಲಿ ತಲೆಸುತ್ತಿ ಬಿದ್ದಿದ್ದ ಅಜ್ಜಿ ಬೆಂಚಿನ ಮೇಲೆ ನನಗೆ ಒರಗಿ ಕೂತಿದ್ದಳು. ಡಾಕ್ಟರು ಅವಳ ಮೆದುಳಿನ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇಲ್ಲಿ ಕರ್ರಗಾಗೇದ ನೋಡ್ರಿ" ಎಂದರು.

ಅಬ್ಬಿಗೇರಿಯ ಕರಿಮಣ್ಣಿನಲ್ಲೇ ಮುದುಕನಾಗಿದ್ದ ಅಜ್ಜನ ಮುಖ ಅರಳಿತು. "ಎರಿ ಹೊಲದಂಗ ಕರ್ರಗಿದ್ರ ಚಲೋ ಅಲ್ಲೇನ್ರಿ, ಸಾಹೇಬ್ರ?"

ಡಾಕ್ಟರು ಫಿಲ್ಮನ್ನು ಕೆಳಗಿಳಿಸಿದರು. "ಅದು ಸತ್ತ ಭಾಗ ರೀ, ಅಜ್ಜಾರ. ನೆನಪೆಲ್ಲಾ ಅಲ್ಲೇ ಇದ್ದವು."

ಅಜ್ಜ ಆ ಕಪ್ಪನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ನೋಡಿದ. ಆಮೇಲೆ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ.

ಅಜ್ಜಿ ನನ್ನ ಕೈ ಜಗ್ಗಿ ಪಿಸುಗುಟ್ಟಿದಳು: "ಯಾರವಾ ಅವ್ರು? ಪಾಪ, ಭಾಳ ಅಳಾಕತ್ತಾರ. ಲಗೂನ ನೀರು ಕೊಡು."