ಸುಗ್ಗಿ ಬಿಯರಿನ ಮೊದಲ ಗುಟುಕು

ನೆಲದಡಿಯಿಂದ ಧಡ್ ಎಂದಿತು. ಅದರ ಹಿಂದೆಯೇ ಒಂದು ಬೈಗುಳ; ಮೂರು ಹಳ್ಳಿಯಾಚೆ ಉಪದೇಶ ಮಾಡುತ್ತಿದ್ದ ಪಾದ್ರಿಯೂ ಬೆಚ್ಚಿಬಿದ್ದಿರಬೇಕು.

"ಒಂದೇ ಏಟಿಗೆ ಪೀಪಾಯಿಗೆ ನಲ್ಲಿ ಕೂರಿಸಿಬಿಟ್ಟ ನೋಡಿ, ನನ್ನ ಗಂಡ!" ಎಂದು ನೆಲ್ ಪಂಪಿನ ಹಿಡಿಗೆ ಕೈಹಾಕಿದಳು. 'ಕುಂಟ ಬಾತು' ಪಬ್ಬಿನ ಒಡತಿ ಅವಳು. ನೆಲಮಾಳಿಗೆಯಲ್ಲಿದ್ದವನು ಪರ್ಸಿ. ಅಲ್ಲಿಂದ ಪಂಪಿನವರೆಗಿನ ಪೈಪನ್ನು ಹಿಂದಿನ ದಿನ ನೆಲ್ ಎಷ್ಟು ತೊಳೆದಿದ್ದಳೆಂದರೆ, ಅದರೊಳಗೆ ಇಣುಕಿದರೆ ಸಮುದ್ರದಾಚೆಯ ಫ್ರಾನ್ಸ್ ಕಾಣಿಸುತ್ತಿತ್ತು.

ಆ ಮಧ್ಯಾಹ್ನ ಇಡೀ ಕೆಂಟ್ ಸೀಮೆಯೇ ಪಬ್ಬಿನಲ್ಲಿ ನೆರೆದಿತ್ತು. ಅಂದರೆ ಹದಿನಾಲ್ಕು ಜನ, ಒಂದು ನಾಯಿ. ಎಲ್ಲರ ಕಣ್ಣು ಒಲೆಯ ಪಕ್ಕದ ಮೂರು ಕಾಲಿನ ಸ್ಟೂಲಿನ ಮೇಲೆ. ಅದರ ಮೇಲೆ ಎನಾಕ್ ಟಿಕ್‌ನರ್.

ಸುಗ್ಗಿಯ ಕಹಿ ಬಿಯರು ಬರುವುದು ವರ್ಷಕ್ಕೊಮ್ಮೆ, ಸೆಪ್ಟೆಂಬರಿನಲ್ಲಿ. ಬಿಯರಿಗೆ ಕಹಿ ಕೊಡುವ ಹಾಪ್ ಹೂವು, ಬೆಳಿಗ್ಗೆ ಬಳ್ಳಿಯಿಂದ ಬಿಡಿಸಿದ್ದು, ಹಸಿಯಾಗಿಯೇ ಸಂಜೆಯೊಳಗೆ ಹಂಡೆ ಸೇರಬೇಕು. ಮೊದಲ ಗುಟುಕು ಆ ಸ್ಟೂಲಿನವನದು. ಅವನು ಹೂಂ ಎಂದರೆ ಊರು ಕುಡಿಯುತ್ತದೆ. ಉಹೂಂ ಎಂದರೆ ಪೀಪಾಯಿ ಬಂದ ಗಾಡಿಯಲ್ಲೇ ವಾಪಸ್. ಇಪ್ಪತ್ತೆರಡು ವರ್ಷದಿಂದ ಆ ಸ್ಟೂಲೂ ಎನಾಕನ ಕುಂಡೆಯೂ ಅಗಲಿರಲಿಲ್ಲ. ಹೂವು ಯಾವ ಹೊಲದ್ದು, ಗುಡ್ಡದ ಯಾವ ಮಗ್ಗುಲಿನದು, ಬಿಡಿಸಿದವನು ಅವತ್ತು ಹೆಂಡತಿಯ ಜೊತೆ ಜಗಳವಾಡಿದ್ದನೇ ಇಲ್ಲವೇ, ಎಲ್ಲವನ್ನೂ ಅವನ ನಾಲಿಗೆ ಹೇಳಿಬಿಡುತ್ತಿತ್ತು.

ಆದರೆ ಹತ್ತು ದಿನದಿಂದ ಅವನಿಗೆ ನೆಗಡಿ. ಮೂಗು ಕಟ್ಟಿದ ಚರಂಡಿ. ಗುಟ್ಟಾಗಿ ಎದೆಗೆ ಹೆಬ್ಬಾತಿನ ಕೊಬ್ಬು ಉಜ್ಜಿಕೊಂಡು, ಯಾರಿಗೂ ಬಾಯಿಬಿಡದೆ ಬಂದು ಕೂತಿದ್ದ. ಬಿಡುವುದಾದರೂ ಹೇಗೆ? ಎದುರಿಗೇ ವಿನಿಫ್ರೆಡ್ ಹಾಗ್ಬೆನ್ ಕೂತಿದ್ದಳು. ನಿವೃತ್ತ ಪೋಸ್ಟ್ ಮೇಡಂ. ಲಕೋಟೆ ಒಡೆಯದೆ ಊರಿನ ಪತ್ರಗಳನ್ನೆಲ್ಲ ಓದಿ ಮುಗಿಸಿದವಳು. ಆರು ವರ್ಷದಿಂದ ಅವಳಿಗೆ ಆ ಸ್ಟೂಲಿನ ಮೇಲೆ ಕಣ್ಣು. ಅದೇ ಮಗ್ಗಿನಿಂದ ರುಚಿ ನೋಡಿ, ಅವನಿಗಿಂತ ಚೆನ್ನಾಗಿ ಹೇಳಿದವರಿಗೆ ಸ್ಟೂಲು ಸಲ್ಲಬೇಕು. ಪಬ್ಬಿನ ಕಟ್ಟಳೆ ಅದು.

ನೆಲ್ ಪಂಪು ಎಳೆದು ತವರದ ಮಗ್ಗು ತುಂಬಿಸಿದಳು. ಬಣ್ಣ ನೋಡಿ ಹೇಳುವುದು ಮೋಸ. ಅದಕ್ಕೇ ಗಾಜಿನ ಲೋಟ ಕೊಡುತ್ತಿರಲಿಲ್ಲ. ಇನ್ನು ನೊರೆ? ಅದು ಉತ್ತರ ಇಂಗ್ಲೆಂಡಿನವರ ಚಟ. ಇಲ್ಲಿ ನೊರೆ ಕೇಳಿದವನ ಕೈಗೆ ಗಡ್ಡ ಹೆರೆಯುವ ಬ್ರಷ್ಷು ಕೊಟ್ಟು ಕಳಿಸುತ್ತಿದ್ದರು.

ಎನಾಕ್ ಗುಟುಕು ತೆಗೆದುಕೊಂಡ.

ಏನೂ ಇಲ್ಲ.

ಬಾಯೊಳಗೆ ಬಲಕ್ಕೆ ತಿರುಗಿಸಿದ, ಎಡಕ್ಕೆ ತಿರುಗಿಸಿದ. ಕಹಿಯಿಲ್ಲ, ಹೂವಿಲ್ಲ, ಹೊಲವಿಲ್ಲ, ಯಾರ ಹೆಂಡತಿಯ ಜಗಳವೂ ಇಲ್ಲ. ಕೆನ್ನೆಗಳು ಮಾತ್ರ ಹದಿನೈದು ನಿಮಿಷ ಕುಣಿದವು.

"ಏನಯ್ಯಾ ಎನಾಕ್, ಅದನ್ನ ಕುಡೀತಿದ್ದೀಯೋ, ಸಾಕ್ತಿದ್ದೀಯೋ?" ಎಂದಳು ವಿನಿಫ್ರೆಡ್.

ಅವನು ನುಂಗಿದ. ಮಗ್ಗನ್ನು ಅವಳತ್ತ ಚಾಚಿದ. "ಈ ಸಲ ನೀವೇ ಮೊದಲು ಹೇಳಿ, ವಿನಿಫ್ರೆಡಮ್ಮ. ವಯಸ್ಸಿಗೆ ಮರ್ಯಾದೆ."

"ನಿನಗಿಂತ ನಾಲ್ಕು ತಿಂಗಳಿಗೆ ಚಿಕ್ಕೋಳು ಕಣೋ ನಾನು!" ಅವಳು ಹೀರಿದಳು. ಹುಬ್ಬು ಒಂದು ಕ್ಷಣ ಗಂಟಿಕ್ಕಿತು. ಎನಾಕನನ್ನು ನೋಡಿದಳು, ಸ್ಟೂಲನ್ನು ನೋಡಿದಳು, ಕಣ್ಣು ಮುಚ್ಚಿದಳು.

"ಆಹಾ. ಕಿತ್ತಳೆ ಸಿಪ್ಪೆ. ಕರಕಾದ ಸಕ್ಕರೆ. ಹೂವು ಪೂರ್ವದ ಹೊಲದ್ದು. ಮಂಗಳವಾರ, ಇಬ್ಬನಿ ಆರೋ ಮುಂಚೆ ಬಿಡಿಸಿದ್ದು."

ಮಗ್ಗು ಕೈಯಿಂದ ಕೈಗೆ ಹೋಯಿತು. ಹುಲ್ಲುಮಾಡು ಹೊದಿಸುವ ಗಿಲ್ಬರ್ಟ್ ಗುಟುಕರಿಸಿ, ಅತ್ತಿತ್ತ ನೋಡಿ, "ಕಿತ್ತಳೇನೇ. ಕೊನೇಲಿ ಸ್ವಲ್ಪ ಶುಂಠಿ," ಎಂದ. ಪಕ್ಕದವನಿಗೆ ಜೇನು ಸಿಕ್ಕಿತು. ಅವನ ಪಕ್ಕದವನಿಗೆ ಒಣಹುಲ್ಲಿನ ಬಣವೆಯೇ ಸಿಕ್ಕಿತು. ಹುಟ್ಟಿದಾಗಿನಿಂದ ಬಿಯರು ಕಂಡರೆ ಮುಖ ತಿರುಗಿಸುತ್ತಿದ್ದ ನಾಯಿ, ನೆಲಕ್ಕೆ ಚೆಲ್ಲಿದ್ದನ್ನು ನೆಕ್ಕಿ ಒಣಗಿಸಿತು.

"ನೋಡಿ, ಈ ವರ್ಷದ್ದು ನಾಯಿಗೂ ಹಿಡಿಸ್ತು!" ಎಂದಳು ನೆಲ್.

ಈಗ ಎನಾಕನ ಸರದಿ. ಕಿತ್ತಳೆ ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಸುಳ್ಳೇನು ಅವನಿಗೆ ಹೊಸದೇ? ಒಂದು ಗೇಣಿನ ಮೀನು ಹಿಡಿದು ಬಂದು, ಅದು ದೋಣಿಯನ್ನೇ ನುಂಗಲು ಬಂದಿತ್ತೆಂದು ಊರಿಗೆಲ್ಲ ಹೇಳಿದವನು. ಆದರೆ ಬಿಯರಿನ ವಿಷಯದಲ್ಲಿ ಮಾತ್ರ ಜನ್ಮದಲ್ಲಿ ಒಂದು ಸುಳ್ಳಾಡಿರಲಿಲ್ಲ. ಬಾಯಿ ತೆರೆದ. ಕಿತ್ತಳೆ ಹೊರಡಲಿಲ್ಲ.

ಎದ್ದು ನಿಂತ. ಟೋಪಿ ತೆಗೆದ.

"ನನ್ನ ನಾಲಿಗೆ ಸತ್ತೋಗಿದೆ ಕಣ್ರಪ್ಪ. ಕಿತ್ತಳೆ ಇಲ್ಲ, ಶುಂಠಿ ಇಲ್ಲ. ನನಗೆ ಇದು ಬರೀ ನೀರು ಕುಡಿದ ಹಾಗಿದೆ. ತಗೊಳ್ಳಿ ವಿನಿಫ್ರೆಡಮ್ಮ, ಸ್ಟೂಲು ನಿಮ್ಮದು."

ಆಮೇಲೆ ಎದ್ದ ನಗುವಿಗೆ ಗೋಡೆಯ ಮೇಲಿದ್ದ ಕುದುರೆ ಲಾಳಗಳು ಗಿಲಿಗಿಲಿ ಎಂದವು. "ನೀರಂತೆ! ಪಾಪ, ನೀರಂತೆ!" ಎಂದು ಗಿಲ್ಬರ್ಟ್ ಕಣ್ಣೊರೆಸಿಕೊಂಡ. ವಿನಿಫ್ರೆಡ್ ಲಂಗ ಹರಡಿಕೊಂಡು ಮಹಾರಾಣಿಯ ಹಾಗೆ ಸ್ಟೂಲಿನ ಮೇಲೆ ಇಳಿದಳು. ಎನಾಕ್ ಬಾಗಿಲಿನತ್ತ ಹೊರಟ. ಅಲ್ಲಿಗೆ ಆರೇ ಹೆಜ್ಜೆ. ಅವನಿಗೆ ಲಂಡನ್ನಿಗೆ ನಡೆದಷ್ಟು ದೂರವಾಯಿತು.

ಆಗ ನೆಲಮಾಳಿಗೆಯ ಬಾಗಿಲು ತೆರೆಯಿತು. ಪರ್ಸಿ ಮೇಲೆ ಬಂದ. ಹಣೆಯ ಮೇಲೆ ಬಾತುಕೋಳಿ ಮೊಟ್ಟೆಯಷ್ಟು ದಪ್ಪ ಬುಗುಟು.

"ನಲ್ಲಿ ಹೊಡೆಯೋ ನನ್ನ ಕೊಡತಿ ಯಾರಾದ್ರೂ ನೋಡಿದ್ರಾ? ಅದನ್ನ ಹುಡುಕೋಕೆ ಹೋಗಿ ತಲೇನ ತೊಲೆಗೆ ಗುದ್ದಿಕೊಂಡು, ಇಷ್ಟು ಹೊತ್ತು ಬಿದ್ದಿದ್ದೆ. ನೆಲ್, ಪಂಪ್ ಮುಟ್ಟಬೇಡ ಕಣೇ. ಪೀಪಾಯಿಗೆ ನಲ್ಲಿ ಇನ್ನೂ ಹೊಡೆದಿಲ್ಲ. ಪೈಪಿನ ತುದಿ, ನಿನ್ನೆ ನೀನು ತೊಳೆದು ಬಿಟ್ಟೆಯಲ್ಲ, ಆ ನೀರಿನ ಬಕೆಟ್ಟಿನಲ್ಲೇ ಇದೆ."